ಕೃತಜ್ಞತೆಯ ಪುಟ

ಧಾರವಾಡದ ನಮ್ಮ ಗ್ರಂಥಾಲಯದಲ್ಲಿ ಸಂಶೋಧನಾ ಪತ್ರಿಕೆಗಳ ವಿಭಾಗವೆಂದರೆ ಯಂಕಣ್ಣನವರೇ. ಪರದೇಶದ ಲೇಖನವೊಂದು ನಮ್ಮಲ್ಲಿ ಇಲ್ಲವೆಂದರೆ ಬರೆದವರಿಗೇ ಪತ್ರ ಹಾಕಿ, ಮೂರು ತಿಂಗಳು ಅಂಚೆಯ ದಾರಿ ಕಾದು, ಪ್ರತಿ ಬಂದ ದಿನ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದರು. ಹೀಗಾಗಿ ಹದಿನೇಳು ಪಿಎಚ್.ಡಿ. ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಅವರ ಹೆಸರಿತ್ತು; ಯಾವ ಪ್ರಬಂಧ, ಎಷ್ಟನೇ ಸಾಲು ಎಂಬುದೆಲ್ಲ ಅವರಿಗೆ ಬಾಯಿಪಾಠ. ಎರಡು ಸಾವಿರದ ಮೂರರಲ್ಲಿ ಪಕ್ಕದ ಕೋಣೆಗೆ ಇಂಟರ್ನೆಟ್ ಬಂತು, ಅದನ್ನು ನೋಡಿಕೊಳ್ಳಲು ಪ್ರಭಾವತಿ ಬಂದರು. ಲೇಖನಗಳು ಎರಡೇ ನಿಮಿಷಕ್ಕೆ ಸಿಗತೊಡಗಿ ವಿದ್ಯಾರ್ಥಿಗಳೆಲ್ಲ ಅತ್ತ ಹೋದರು. ಯಂಕಣ್ಣನವರ ಹೊಟ್ಟೆಗೆ ಕಿಚ್ಚು ಬಿತ್ತು. ಆ ಬಾಗಿಲ ಮುಂದೆ ಹಾಯುವಾಗ ಮುಖವನ್ನು ಗೋಡೆಯತ್ತ ತಿರುಗಿಸುವರು, ಕರೆಂಟ್ ಹೋದರೆ ಮಾತ್ರ ಹೊರಗಿನಿಂದ ಇಣುಕಿ, "ಏನ್ರಿ ಬಾಯಾರ, ನಿಮ್ಮ ಪೆಟ್ಟಿಗಿ ಮಲಕೊಂತೇನ್ರಿ?" ಎನ್ನುವರು. "ಎರಡ ನಿಮಿಷದಾಗ ಸಿಕ್ಕದ್ದು ಎರಡ ದಿನಾನೂ ತಲ್ಯಾಗ ನಿಲ್ಲೂದಿಲ್ರಿ" ಎಂದು ನನ್ನೆದುರು ಗೊಣಗುವರು. ಹೊಸ ಪ್ರಬಂಧ ಬಂದರೆ ಮೊದಲು ತೆರೆಯುವುದು ಕೃತಜ್ಞತೆಯ ಪುಟವನ್ನೇ. ಮರುವರ್ಷ ಹಾಗೆ ತೆರೆದ ಒಂದರಲ್ಲಿ ಅವರ ಹೆಸರಿರಲಿಲ್ಲ, ಪ್ರಭಾವತಿಯವರದಿತ್ತು. ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಎದ್ದು, ಮೊದಲ ಬಾರಿಗೆ ಆ ಕೋಣೆಯೊಳಗೆ ಹೋಗಿ, ಪ್ರಬಂಧವನ್ನು ಆಕೆಯ ಮುಂದೆ ಬಿಚ್ಚಿಟ್ಟರು. "ನಿಮ್ಮ ಹೆಸರು ಅಚ್ಚಾಗೈತ್ರಿ, ಓದ್ರಿ." ಆಕೆ ನಾಚಿಕೊಂಡು, "ಆಮ್ಯಾಲೆ ಓದ್ತೇನ್ರಿ ಸರ್, ನೀವ್ಯಾಕ ನಿಂತೀರಿ?" ಎಂದರು. "ಈಗ ಓದ್ರಿ. ನನ್ನ ಹೆಸರು ಮೊದಲನೇ ಸಲ ಬಂದಾಗ ಬಾಜೂಕ ಯಾರೂ ಇರಲಿಲ್ರಿ" ಎಂದು ಯಂಕಣ್ಣ ಅಲ್ಲೇ ನಿಂತರು.