ಹದಿನೇಳು ಎಂದ ದನಿ

೧೯೬೨ನೇ ಇಸವಿಯ ಆಷಾಢದ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಇದ್ದವರು: ಗ್ರಾಮಸೇವಕನಾದ ನಾನು, ಗಣಿಯ ಹಳೆಯ ಮೇಸ್ತ್ರಿ ರಂಗಪ್ಪ, ಸಿಂಗಮ್ಮ ಮತ್ತು ಊರಿನ ಇಪ್ಪತ್ತೊಂದು ಜನ. ಇದನ್ನು ಮೊದಲೇ ಬರೆದಿಡಲು ಕಾರಣವಿದೆ. ದೆವ್ವದ ಮಾತೆತ್ತಿದವರನ್ನು ಅಂದಿನವರೆಗೆ ನಾನು ನಕ್ಕು ಕಳಿಸುತ್ತಿದ್ದೆ. ಎಣಿಕೆ ಸರಿಯಿದ್ದರೆ ಎಲ್ಲಕ್ಕೂ ಕಾರಣ ಸಿಕ್ಕುತ್ತದೆಂದು ನಂಬಿದ್ದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಆ ಹಳ್ಳಿಯಾಚೆ ಕ್ರೋಮ್ ಅದಿರು ತೆಗೆದು ಬಿಟ್ಟುಹೋದ ಗಣಿಯೊಂದಿತ್ತು. ಅಲ್ಲಿ ಹೊಂಗೆ, ಬೇವು ನೆಟ್ಟು ಊರಿಗೊಂದು ಗುಂಡುತೋಪು ಮಾಡುವುದೆಂದು ತೀರ್ಮಾನವಾಗಿತ್ತು. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲವಾದ್ದರಿಂದ ಜನ ಬಿಡುವಾಗಿ ಬಂದಿದ್ದರು. ಸಂಜೆಯೊಳಗೆ ಸಸಿ ನೆಟ್ಟು, ದನ ಬೀಳುತ್ತಿದ್ದ ಗಣಿಯ ಹಳೆಯ ಗುಂಡಿಯನ್ನೂ ಮುಚ್ಚಬೇಕಿತ್ತು.

ಸಾಲಾಗಿ ನಿಲ್ಲಿಸಿ ಎಣಿಸಿಕೊಳ್ಳಲು ಹೇಳಿದೆ. ಕೊನೆಯವನು ಇಪ್ಪತ್ನಾಲ್ಕು ಎಂದ. ನಿಂತಿದ್ದವರು ಇಪ್ಪತ್ತಮೂರು. ಹದಿನಾರಾದ ಮೇಲೆ ಹದಿನೆಂಟಕ್ಕೆ ಹಾರಿದ್ದರು. ಗದರಿದೆ.

“ಅದು ಸಿಂಗಮ್ಮನ ಯಜಮಾನ್ರ ನಂಬರ್ ಸಾ,” ಎಂದ ರಂಗಪ್ಪ. “ಗಣಿಯಿಂದ ಮ್ಯಾಲಕ್ಕೆ ಬಂದೋರು ಅವರವರ ನಂಬರ್ ಕೂಗ್ಬೇಕು. ಎಲ್ರೂ ಕೂಗಿದ್ಮ್ಯಾಲೇ ಏಣಿ ಎಳೆಯೋದು. ಅವತ್ತು ಮಣ್ಣು ಕುಸೀತು. ಹದಿನೇಳು ಕೂಗ್ಲಿಲ್ಲ. ಎದರ್ಕೊಂಡು ಏಣಿ ಎಳ್ದುಬುಟ್ಟೆ.”

ಹೆಣ ಸಿಕ್ಕಿರಲಿಲ್ಲ. ಏಳು ವರ್ಷವಾದರೂ ಸಿಂಗಮ್ಮ ತಾಳಿ ತೆಗೆದಿರಲಿಲ್ಲ.

“ಗುಂಡಿ ಮುಚ್ಬ್ಯಾಡಿ ಸಾ,” ಎಂದಳು. “ಅವ್ರಿನ್ನೂ ಮ್ಯಾಲಕ್ಕೆ ಬಂದಿಲ್ಲ.”

“ಬರೋನಾಗಿದ್ರೆ ಏಳು ವರ್ಸ ಅಲ್ಲೇ ಗೊರ್ಕೆ ಒಡೀತಿದ್ನೇನಮ್ಮಿ?” ಎಂದು ಪಕ್ಕದವಳು ಅಣಕಿಸಿದಳು. ಕೆಲವರು ನಕ್ಕರು. ಕೆಲಸ ಕೆಲಸವೇ ಎಂದು ಹೇಳಿ ನಾನು ಸಸಿಯ ಸಾಲಿನ ದಾರ ಹಿಡಿದೆ. ಆದರೂ ದಿನವೆಲ್ಲ ಮನಸ್ಸು ನಿಂತಲ್ಲಿ ನಿಲ್ಲಲಿಲ್ಲ. ಎರಡು ಬಾರಿ ಸಾಲು ಸೊಟ್ಟಗಾಯಿತು.

ಸಂಜೆ ಐದೂವರೆ. ಗುಂಡಿ ಮುಚ್ಚುವ ಮೊದಲು ಮತ್ತೆ ಎಣಿಸಿದೆವು. ಹದಿನಾರು ಎಂದಾಯಿತು. ಹದಿನೆಂಟು ಎನ್ನಬೇಕಾದವನು ಬಾಯಿ ತೆರೆದ. ಅಷ್ಟರಲ್ಲಿ ಗುಂಡಿಯ ಕಡೆಯಿಂದ, ದೂಳು ಕಟ್ಟಿದ ಗಂಟಲಿನ ಗಂಡಸಿನ ದನಿ, “ಹದಿನೇಳು” ಎಂದಿತು.

ತೆರೆದ ಬಾಯಿ ತೆರೆದೇ ಉಳಿಯಿತು. ಸಿಂಗಮ್ಮ ನನ್ನೆದುರಿಗೇ ಇದ್ದಳು. ಅವಳ ತುಟಿ ಅಲುಗಿರಲಿಲ್ಲ. ಗುಂಡಿಯ ಅಂಚಿನಲ್ಲಿ ಮಲಗಿ ಇಣುಕಿದೆ. ಮಣ್ಣು, ಕಲ್ಲು, ಅಷ್ಟೆ. ಪ್ರತಿಧ್ವನಿ ಎನ್ನೋಣವೆಂದರೆ ಆ ಸಂಖ್ಯೆಯನ್ನು ಆಗ ಯಾರೂ ಹೇಳಿರಲಿಲ್ಲ. ಗಂಡಸರೆಲ್ಲರಿಂದ ಒಬ್ಬೊಬ್ಬರಾಗಿ ‘ಹದಿನೇಳು’ ಎನ್ನಿಸಿ ನೋಡಿದೆ. ಯಾವ ದನಿಯೂ ಹೊಂದಲಿಲ್ಲ. ಇಂದಿಗೂ ಹೊಂದಿಲ್ಲ.

ಸಿಂಗಮ್ಮ ಅಳಲಿಲ್ಲ. “ಕೂಗವ್ರಲ್ಲ ಸಾ,” ಎಂದಳು. “ಏಣಿ ಇಳ್ಸಿ.”

ಗುಂಡಿ ಮುಚ್ಚಿಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಸುತ್ತ ಮುಳ್ಳುಬೇಲಿ ಹಾಕಿಸಿದೆ. ರಂಗಪ್ಪ ಮನೆಯಿಂದ ಬಿದಿರೇಣಿ ಹೊತ್ತು ತಂದ. ಯಾರನ್ನೂ ಮುಟ್ಟಗೊಡದೆ ತಾನೇ ಇಳಿಬಿಟ್ಟು, ಮೇಲಿನ ಬಂಡೆಗೆ ಹಗ್ಗ ಬಿಗಿದ. ಗಂಟು ಗಟ್ಟಿಯಾಗಿದೆಯೇ ಎಂದು ನಾನು ಎರಡು ಸಲ ಜಗ್ಗಿ ನೋಡಿದೆ. ಅದು ಆ ದಿನದ ಕೊನೆಯ ಕೆಲಸ.