ನಾದಿನಿಯ ನೀಳ ರೆಕ್ಕೆಯ ಬಾವಲಿ

ನಮ್ಮ ಯಜಮಾನರು ತೀರಿಕೊಂಡಾಗ ಅವರ ತಂಗಿ, ಅಂದರೆ ನನ್ನ ನಾದಿನಿ, "ಎರಡು ದಿನ ಇದ್ದು ಹೋಗ್ತೀನಿ ಅತ್ತಿಗೆ" ಎಂದು ಬಂದವಳು ಇನ್ನೂ ಹೋಗಿಲ್ಲ. ಹೋಗದೇ ಇದ್ದದ್ದು ನನ್ನ ಪುಣ್ಯ. ಒಬ್ಬಳೇ ಇದ್ದಿದ್ದರೆ ಗೋಡೆಯ ಜೊತೆ ಮಾತಾಡಬೇಕಿತ್ತು.

ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಆಯಾ. ಯಾರೂ ಮುಟ್ಟದ ಬಾವಲಿಗಳೆಲ್ಲ ಅವಳ ಪಾಲಿಗೆ. ವಾಸಿಯಾಗುವ ತನಕ ಅವು ನಮ್ಮ ಬಚ್ಚಲುಮನೆಯಲ್ಲಿ ತಲೆಕೆಳಗಾಗಿ ನೇತಾಡುತ್ತವೆ. ಬೀದಿಯವರು ಅವಳನ್ನು ಬಾವಲಿಯಕ್ಕ ಎಂದು ಆಡಿಕೊಂಡರೆ, "ಅಕ್ಕ ಅಂತಾರಲ್ಲ, ಅಷ್ಟು ಸಾಕು" ಎನ್ನುತ್ತಾಳೆ.

ಕಳೆದ ಬೇಸಿಗೆಯಲ್ಲಿ ಇಲಿಮರಿಯಷ್ಟು ಪುಟ್ಟದೊಂದನ್ನು ತಂದಳು. ಕಾರಿಗೆ ಬಡಿದು ರೆಕ್ಕೆಯ ಮೂಳೆ ಮುರಿದುಕೊಂಡು ಬಿದ್ದಿತ್ತಂತೆ. ಹಿಂದಿನವಕ್ಕೆಲ್ಲ ಕೊಟ್ಟ ಹಾಗೆ ಬಾಳೆಹಣ್ಣು ಕಿವುಚಿ ಕೊಟ್ಟರೆ ಮುಖ ತಿರುಗಿಸಿತು.

"ಥೇಟ್ ನಿಮ್ಮಣ್ಣ ಕಣೇ" ಎಂದೆ.

ಅವಳ ಆಸ್ಪತ್ರೆಯ ಡಾಕ್ಟರಮ್ಮ ಹಲ್ಲು ನೋಡಿ, ಇದು ಹುಳ ತಿನ್ನುವ ಜಾತಿ ಎಂದರು. ನಾದಿನಿ ಸಾಕುಹಕ್ಕಿ ಮಾರುವ ಅಂಗಡಿಯಿಂದ ಹುಳ ತಂದು ಚಿಮಟದಲ್ಲಿ ಹಿಡಿದಳು. ಕರಕರ ಅಗಿಯಿತು.

ಗಾಯ ಒಣಗಿತು, ಮೈ ತುಂಬಿತು. ಆದರೆ ನಡುಮನೆಯಲ್ಲಿ ನೆಲದ ಮೇಲೆ ಬಿಟ್ಟರೆ ಕುಪ್ಪಳಿಸಿ ಕುಪ್ಪಳಿಸಿ ಮಕಾಡೆ ಬೀಳುತ್ತಿತ್ತು. ಹಾರಲಿಲ್ಲ ಎಂದು ಕೇಳಿ ಡಾಕ್ಟರಮ್ಮ, "ಹಾಗಾದ್ರೆ ಮೂಳೆ ಕೂಡಿಲ್ಲ. ನಾಳೆ ತಗೊಂಡು ಬಾ, ನೋವಾಗದ ಹಾಗೆ ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಿಬಿಡೋಣ" ಎಂದರು.

ನಾದಿನಿ ಕಿಟಕಿಯ ಬೆಳಕಿಗೆ ಅದರ ರೆಕ್ಕೆಯನ್ನು ಬಿಡಿಸಿ ನೋಡುತ್ತಾ ಕುಳಿತಳು. ಆಮೇಲೆ ಥಟ್ಟನೆ ಫೋನ್ ತೆಗೆದಳು.

"ಡಾಕ್ಟರಮ್ಮ, ಹಣ್ಣು ತಿನ್ನೋವಕ್ಕೆ ರೆಕ್ಕೆ ಮೊರದ ಹಾಗೆ ಅಗಲ ಇರ್ತಿತ್ತು. ಇದಕ್ಕೆ ಕುಡುಗೋಲಿನ ಹಾಗೆ ನೀಳವಾಗಿ, ಸಣ್ಣಕ್ಕಿದೆ. ನಾನು ಎಲ್ಲವನ್ನೂ ಬಿಡೋ ಹಾಗೆ ನೆಲದಿಂದಲೇ ಬಿಟ್ಟೆ..."

"ನೆಲದಿಂದಲಾ? ಅದನ್ನ ಮೊದಲೇ ಹೇಳಬಾರದಾ!" ಆ ಕಡೆಯಿಂದ ಬಂದ ದನಿ ನನಗೂ ಕೇಳಿತು. "ಅಗಲ ರೆಕ್ಕೆಯವು ಎಲೆ ಕೊಂಬೆ ನಡುವೆ ನಿಧಾನಕ್ಕೆ ತಿರುಗಾಡಿ ಹಣ್ಣು ಕೀಳ್ತವೆ, ನಿಂತಲ್ಲಿಂದಲೂ ಏಳ್ತವೆ. ಇದು ಬಯಲಲ್ಲಿ ಜೋರಾಗಿ ಹೋಗಿ ಹಾರೋ ಹುಳ ಹಿಡಿಯೋದು. ಮೊದಲು ಎತ್ತರದಿಂದ ಬೀಳಬೇಕು, ಆಗಲೇ ವೇಗ ಬರೋದು. ಮಹಡಿಗೆ ಹೋಗು."

ಹೊತ್ತು ಮುಳುಗುತ್ತಿತ್ತು. ಅವಳು ತಾರಸಿಯ ಮೇಲೆ. ಕೆಳಗೆ ನಾನೂ ಇಸ್ತ್ರಿ ಅಂಗಡಿಯವನೂ ದುಪ್ಪಟಿ ಹಿಡಿದು ನಿಂತೆವು.

"ಅಜ್ಜಿ, ಬಾವಲಿ ಬಿದ್ರೆ ಹಿಡೀತೀನಿ. ಬಾವಲಿಯಕ್ಕ ಬಿದ್ರೆ ನನ್ನ ಕೈಲಾಗಲ್ಲ."

"ಬಾಯಿ ಮುಚ್ಕೊಂಡು ಮೇಲೆ ನೋಡೋ!"

ಅವಳು ಅಂಗೈ ಚಾಚಿದಳು. ಬಾವಲಿ ಕಲ್ಲಿನ ಹಾಗೆ ಬಿತ್ತು. ಇನ್ನೇನು ದುಪ್ಪಟಿಗೆ ಬಡಿಯಬೇಕು, ಅಷ್ಟರಲ್ಲಿ ಎರಡೂ ರೆಕ್ಕೆ ಬಿಚ್ಚಿಕೊಂಡು, ನಮ್ಮ ತಲೆ ಸವರಿದಂತೆ ತಿರುಗಿ, ಮನೆಗಳ ಮೇಲಿನಿಂದ ಬಾಣದಂತೆ ಹೋಯಿತು.

ಮೇಲೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನು ಖಾಲಿ ದುಪ್ಪಟಿಯನ್ನು ಹೆಗಲಿಗೆ ಹಾಕಿಕೊಂಡು ಆಕಾಶಕ್ಕೆ ಕೈ ಮುಗಿದೆ.