ಚಿಕ್ಕಜ್ಜಿ ಹೇಳದ ಹೆಸರು

ಮೊನ್ನೆ ತಂಗಿಯ ಮಗಳು ಫೋನ್ ಮಾಡಿ, "ಮಾವ, ಸ್ಕೂಲಲ್ಲಿ ವಂಶವೃಕ್ಷ ಬರೀಲಿಕ್ಕೆ ಹೇಳಿದಾರೆ. ನಿಮ್ಮ ಮುತ್ತಜ್ಜಿ ಹೆಸರೆಂತ?" ಎಂದು ಕೇಳಿದಳು. ಥಟ್ಟನೆ ಹೇಳಿಬಿಟ್ಟೆ. ಹೇಳಿದ ಮೇಲೆ ಮೂಗಿಗೆ ಫಿನಾಯಿಲ್ ವಾಸನೆ ಬಂದ ಹಾಗಾಯಿತು. ಹಿರಿಯರನ್ನು ನೆನೆದರೆ ಕರ್ಪೂರದ ವಾಸನೆ ಬರಬೇಕು ಅನ್ನುತ್ತೀರಿ, ಅಲ್ಲವೇ? ಏನು ಮಾಡಲಿ, ಆ ಹೆಸರು ನನಗೆ ಸಿಕ್ಕಿದ್ದು ಮೂಡಿಗೆರೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ.

ತೊಂಬತ್ತರ ದಶಕದ ಮಾತು. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಪಿತೃಪಕ್ಷದಲ್ಲಿ ಮೊದಲ ಸಲ ನಾನು ಎಳ್ಳುನೀರು ಬಿಡಬೇಕಿತ್ತು. ನಮ್ಮ ಹಳೆಯ ಪುರೋಹಿತರೂ ಹೋಗಿಬಿಟ್ಟಿದ್ದರು. ಹೊರನಾಡಿನ ಕಡೆಯಿಂದ ಬರುವ ಹೊಸಬರು, ಮೂರು ತಲೆಮಾರಿನ ಹೆಸರು ಸರಿ ಮಾಡಿ ಇಟ್ಟುಕೊಳ್ಳಿ, ಗಂಡಸರದ್ದೂ ಹೆಂಗಸರದ್ದೂ ಎಂದು ಮೊದಲೇ ಹೇಳಿದರು. ಗಂಡಸರದ್ದು ಸುಲಭ, ಪಹಣಿ ತೆಗೆದರೆ ಸಾಲಾಗಿ ಕೂತಿದ್ದಾರೆ. ಅಮ್ಮನದು, ಅಜ್ಜಿಯದು ಗೊತ್ತಿತ್ತು. ಅಪ್ಪನ ಅಜ್ಜಿಯ ಹೆಸರು? ಮಾತು ಕಮ್ಮಿಯ ಅಪ್ಪ ಪ್ರತಿವರ್ಷ ಅದನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಕೂತಿರುತ್ತಿದ್ದ ನನ್ನ ಗಮನವೆಲ್ಲ ಒಳಗೆ ಬೇಯುತ್ತಿದ್ದ ವಡೆಯ ಮೇಲೆ.

"ಗೊತ್ತಿಲ್ದಿದ್ರೆ ಗಂಗಾ ಅಂತ ಹೇಳಿ, ನಡೀತದೆ" ಎಂದರು ಪುರೋಹಿತರು. ನನಗೆ ಸಿಟ್ಟು ಬಂತು. ಅಪ್ಪನನ್ನು ಎತ್ತಿ ಆಡಿಸಿದ ಹೆಂಗಸು ಅವರು. ಊಟಕ್ಕೆ ಕರೆದು, ಬೇರೆ ಯಾರದೋ ಹೆಸರಲ್ಲಿ ಎಲೆ ಹಾಕುವುದೇ?

ಹುಡುಕಿದೆ. ಬಾಳೂರಿನ ನೆಂಟರು, "ಜಾವಳಿಯಮ್ಮ ಅಂತ ಕರೀತಿದ್ರು" ಎಂದರು. ಜಾವಳಿಯಿಂದ ಬಂದ ಸೊಸೆಗೆ ಊರೇ ಹೆಸರು. ಜೀಪು ಹತ್ತಿ ಜಾವಳಿಗೆ ಹೋದರೆ ತವರಿನವರು, "ಇಲ್ಲಿ ಕೂಸಕ್ಕ ಅಂತಿದ್ರು. ಮದುವೇಲಿ ಹೆಸರು ಬದಲಾಯಿಸಿದಾರೆ. ಅದು ನಿಮ್ಮನೇಲೇ ಗೊತ್ತಿರ್ಬೇಕು ಮಾರಾಯ್ರೇ" ಎಂದು ಕಾಫಿ ಕೊಟ್ಟು ಕಳಿಸಿದರು. ಕಾಫಿ ಚೆನ್ನಾಗಿತ್ತು.

ನಮ್ಮ ಮನೆಯಲ್ಲಿ ಗೊತ್ತಿದ್ದವರು ಒಬ್ಬರೇ, ಚಿಕ್ಕಜ್ಜಿ. ಅಜ್ಜನ ತಮ್ಮನ ಹೆಂಡತಿ, ಎಂದರೆ ಆ ಮುತ್ತಜ್ಜಿಯ ಕಿರಿಸೊಸೆ. ಸ್ವಂತ ಮಕ್ಕಳಿಲ್ಲದ ಅವರೇ, ಅಮ್ಮ ಹೋದ ಮೇಲೆ ಕೈಗೂಸಾಗಿದ್ದ ನನ್ನ ತಂಗಿ ಸಾವಿತ್ರಿಯನ್ನು ಸಾಕಿದ್ದು. ಹೆಸರು ಕೇಳಿದರೆ ಮಾತ್ರ ಅವರದು ಒಂದೇ ಹಟ.

"ಅತ್ತೆ ಹೆಸರು ಸೊಸೆ ಬಾಯಲ್ಲಿ ಹೇಳೂದುಂಟಾ?"

"ಅವರು ಹೋಗಿ ಎಷ್ಟು ಕಾಲ ಆಯ್ತು, ಚಿಕ್ಕಜ್ಜಿ."

"ಹೋದ್ರೆ ಅತ್ತೆ ಅಲ್ಲ ಅಂತ ಆಗ್ತದಾ?"

ತಂಗಿಗೂ ಅವರಿಗೂ ಬೇರೆಯೇ ಒಂದು ಕಗ್ಗಂಟಿತ್ತು. ನನ್ನನ್ನು ಹೆಸರು ಹಿಡಿದು ಕರೆಯುವ ಚಿಕ್ಕಜ್ಜಿ ಅವಳನ್ನು ಕರೆದದ್ದೆಲ್ಲ ಪುಟ್ಟಿ ಅಂತಲೇ. ಮದುವೆಯ ದಿನ, ಬೀಗರ ಎದುರಿಗೂ ಪುಟ್ಟಿ. "ನಾನು ಅವರಿಗೆ ಸಾಕಿದ ಬೆಕ್ಕಿನ ಹಾಗೆ. ಸ್ವಂತ ಮಗಳಾಗಿದ್ರೆ ಹೆಸರು ಕರೀತಿದ್ರು" ಎಂದು ಸಾವಿತ್ರಿ ನನ್ನ ಹತ್ತಿರ ಅತ್ತದ್ದಿದೆ. ನಾನು ನಕ್ಕು ಸುಮ್ಮನಾಗಿಸಿದ್ದೆ.

ಪಕ್ಷ ಹತ್ತಿರ ಬಂದಾಗ ಚಿಕ್ಕಜ್ಜಿ ಅಂಗಳದ ಪಾಚಿಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಮೂಡಿಗೆರೆಯ ಡಾಕ್ಟರು, ಮಂಗಳೂರಿಗೆ ಒಯ್ಯಬೇಕು, ಆಪರೇಷನ್ ಆಗಬೇಕು, ಈ ವಯಸ್ಸಿಗೆ ಎದೆ ತಡೆದುಕೊಳ್ಳುತ್ತದೋ ಇಲ್ಲವೋ ಹೇಳಲಾರೆ ಎಂದರು. ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಕಟ್ಟಿತ್ತು. ತೆರೆಯುವವರೆಗೆ ಕಾಯಬೇಕು. ಗಂಡನ ಮನೆಯಿಂದ ಓಡಿಬಂದ ಸಾವಿತ್ರಿ ಮಂಚದ ಪಕ್ಕ ನಿಂತಿದ್ದಳು. ನನಗೆ ಎರಡು ಭಯ. ಚಿಕ್ಕಜ್ಜಿ ಉಳಿಯುತ್ತಾರೋ ಎಂಬುದು ಒಂದು. ಇನ್ನೊಂದನ್ನು ಹೇಳಲು ಈಗಲೂ ನಾಚಿಕೆ. ಅವರ ಜೊತೆ ಹೆಸರೂ ಹೋಗಿಬಿಟ್ಟರೆ?

ಕೊನೆಗೆ ಒಂದು ಉಪಾಯ ಹೂಡಿದೆ. "ನೀವು ಹೇಳ್ಬೇಡಿ ಚಿಕ್ಕಜ್ಜಿ. ನಾನೇ ಒಂದೊಂದು ಹೆಸರು ಹೇಳ್ತೇನೆ. ಸರಿಯಾದ್ದು ಬಂದಾಗ ತಲೆ ಆಡಿಸಿ, ಸಾಕು." ಭಾಗೀರಥಿ, ಪಾರ್ವತಿ, ರುಕ್ಮಿಣಿ, ಕಾವೇರಿ, ಗೌರಿ. ಗೊತ್ತಿದ್ದ ಅಜ್ಜಿಯರ ಹೆಸರೆಲ್ಲ ಖಾಲಿಯಾಯಿತು. ಚಿಕ್ಕಜ್ಜಿ ಕಣ್ಣು ಮುಚ್ಚಿಕೊಂಡೇ, "ಸಹಸ್ರನಾಮ ಸಾಕು ಮಾರಾಯ, ಸೊಂಟ ನೋಯ್ತದೆ" ಎಂದರು.

ಅಷ್ಟರಲ್ಲಿ ನರ್ಸ್ ಬಂದು, ಘಾಟಿ ತೆರೆದಿದೆ, ವ್ಯಾನ್ ಬಂದು ನಿಂತಿದೆ ಎಂದಳು. "ಅಜ್ಜಿ, ನಿಮ್ಮ ಜೊತೆ ಯಾರು ಬರ್ತಾರೆ?"

"ನಮ್ಮ ಪುಟ್ಟಿ."

"ಪುಟ್ಟಿ ಅಂದ್ರೆ ಯಾರು? ಹೆಸರು ಹೇಳಿ."

ಚಿಕ್ಕಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸಾವಿತ್ರಿಯ ಮುಖ ಕೆಂಪಾಯಿತು. ಇಷ್ಟು ವರ್ಷ ನುಂಗಿಕೊಂಡದ್ದು ನರ್ಸಿನ ಎದುರಿಗೇ ಹೊರಬಂತು.

"ಇವತ್ತಾದ್ರೂ ಹೇಳಿ ಚಿಕ್ಕಜ್ಜಿ. ನಿಮ್ಮ ಕೈಯಲ್ಲೇ ಬೆಳ್ದೆ. ಒಂದ್ಸಲ ಹೆಸರು ಕರೆಯೋವಷ್ಟೂ ನಾನು ನಿಮ್ಗೆ ಬೇಡವಾದ್ನಾ?"

"ಬೇಡವಾ?" ಚಿಕ್ಕಜ್ಜಿ ಮುಖವನ್ನು ಇತ್ತ ತಿರುಗಿಸಿದರು. "ನಿಮ್ಮಪ್ಪನಿಗೆ ಆವತ್ತೇ ಆ ಹೆಸರು ಬೇಡ ಅಂತ ಹೇಳ್ದೆ. ಅವನು ತನ್ನ ಅಜ್ಜಿ ಹೆಸರೇ ಆಗ್ಬೇಕು ಅಂತ ಇಟ್ಟ. ನಾನೆಂತ ಮಾಡ್ಲಿ? ಅವರ ಹೆಸರು ಹಿಡಿದು ಬಾರೆ, ಹೋಗೆ ಅನ್ಲಾ? ನಿಂಗೆ ಪೆಟ್ಟು ಕೊಡುವಾಗ ಆ ಹೆಸರು ಹೇಳಿ ಕೊಡ್ಲಾ?"

ಅಷ್ಟೊಂದು ಹೆಸರು ಒದರಿದ ನಾನು ಇದೊಂದನ್ನು ಬಿಟ್ಟಿದ್ದೆ. ಸತ್ತವರ ಸಾಲಿನಲ್ಲಿ, ಎದುರಿಗೆ ಬದುಕಿ ನಿಂತ ತಂಗಿಯ ಹೆಸರನ್ನು ಹೇಗೆ ಎತ್ತುವುದು ಎಂದು ಬೇಕೆಂದೇ ಬಿಟ್ಟಿದ್ದೆ. ಅವರದ್ದೊಂದು ಮರ್ಯಾದೆ, ನನ್ನದೊಂದು ಮರ್ಯಾದೆ. ನಡುವೆ ಹೆಸರು ಮನೆಯಲ್ಲೇ ಓಡಾಡಿಕೊಂಡಿತ್ತು.

"ಸಾವಿತ್ರಿ?" ಎಂದೆ ಮೆಲ್ಲಗೆ.

ಚಿಕ್ಕಜ್ಜಿ ತಲೆ ಆಡಿಸಲಿಲ್ಲ. ಅಷ್ಟು ನೋವಿನಲ್ಲೂ ಕೈ ಎತ್ತಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು, ಅತ್ತೆ ಒಳಗೆ ಬಂದರೋ ಎಂಬ ಹಾಗೆ.

ತಂಗಿ ವ್ಯಾನಿನಲ್ಲಿ ಅವರ ಕೈ ಹಿಡಿದುಕೊಂಡೇ ಘಾಟಿ ಇಳಿದಳು. ಎದೆ ತಡೆದುಕೊಂಡಿತು. ಚಿಕ್ಕಜ್ಜಿ ಮತ್ತೂ ಕೆಲವು ಮಳೆಗಾಲ ನಮ್ಮನ್ನೆಲ್ಲ ಗದರಿಸಿಕೊಂಡಿದ್ದು ಹೋದರು. ಆ ಪಕ್ಷದಲ್ಲಿ ನಾನು ಮುತ್ತಜ್ಜಿಯ ಹೆಸರನ್ನು ಅಪ್ಪನ ಹಾಗೆ ಬಾಯೊಳಗೆ ಹೇಳಲಿಲ್ಲ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

ಇಷ್ಟೆಲ್ಲ ನೆನಪಾದದ್ದು ಫೋನು ಕಿವಿಗೆ ಹಿಡಿದುಕೊಂಡೇ. ತಂಗಿಯ ಮಗಳು ಬಿಡಲಿಲ್ಲ. "ಆದ್ರೆ ಮಾವ, ಮೇಲೂ ಸಾವಿತ್ರಿ, ಕೆಳಗೂ ಸಾವಿತ್ರಿ. ಟೀಚರ್ ತಪ್ಪು ಹಾಕ್ತಾರೆ."

ಅಷ್ಟರಲ್ಲಿ ಆ ಕಡೆ ತಂಗಿಯ ದನಿ ಕೇಳಿಸಿತು. "ಮೇಲಿಂದು ಹಾಗೇ ಇರ್ಲಿ, ಅದು ಅವರದ್ದು. ನನ್ನ ಜಾಗದಲ್ಲಿ ಪುಟ್ಟಿ ಅಂತ ಬರಿ."

"ಅದೂ ಒಂದು ಹೆಸರಾ ಅಮ್ಮ?"

"ಹೌದು. ಚಿಕ್ಕಜ್ಜಿ ಇಟ್ಟಿದ್ದು."